ಅಮ್ಮನ ಟಿಕೆಟ್

ಏಪ್ರಿಲ್ ರಜೆಗೆ ಮಕ್ಕಳಿಗೆ ಮಾತು ಕೊಟ್ಟಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಮೈಸೂರು ಬಿಟ್ಟು ಹೈವೇ ಪಕ್ಕದ ಒಂದು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋದೆವು. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಅಮ್ಮ.

ಅಮ್ಮನಿಗೆ 57 ವರ್ಷ. ಹೋದ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿಸಿದ್ದೇವೆ. ಆಟ ಆಡೋಕೆ ಅಂತ ಅವಳು ಬಂದಿರಲಿಲ್ಲ. ಮೊಮ್ಮಕ್ಕಳು ಕುಣಿಯೋದನ್ನು ನೋಡಬೇಕು ಅಂತ ಬಂದಿದ್ದಳು.

ಟಿಕೆಟ್ ಕೌಂಟರ್ ಪಕ್ಕದಲ್ಲಿ ಎತ್ತರ ಅಳೆಯುವ ಕಂಬ ಇತ್ತು. ಮಗಳನ್ನು ಅದಕ್ಕೆ ಒರಗಿಸಿ ನಿಲ್ಲಿಸಿದರು. ಗೆರೆಗಿಂತ ನಾಲ್ಕು ಬೆರಳು ಕೆಳಗಿದ್ದಳು. ಮಕ್ಕಳ ಟಿಕೆಟ್ ಸಿಕ್ಕಿತು. ಅಮ್ಮನಿಗೆ ಮಾತ್ರ ಪೂರ್ತಿ ದುಡ್ಡು, ಅದೂ ಭಾನುವಾರದ ಜಾಸ್ತಿ ರೇಟು, ಸಾವಿರದ ಮುನ್ನೂರು ಚಿಲ್ಲರೆ. ಹಿರಿಯರ ರಿಯಾಯಿತಿಗೆ 60 ತುಂಬಿರಬೇಕಂತೆ.

ಅಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು. "ಪುಟ್ಟಿ ಎಲ್ಲ ಆಟ ಆಡೋಕಾಗಲ್ಲ ಅಂತ ಅವಳಿಗೆ ಕಮ್ಮಿ. ನಾನು ಒಂದೂ ಆಡೋಕಾಗಲ್ವಲ್ಲೇ?"

ನಾನು ಅದನ್ನೇ ಕೌಂಟರ್‌ನಲ್ಲಿ ಕೇಳಿದೆ. ಒಳಗಿದ್ದ ಹುಡುಗಿ ಒಳ್ಳೆಯವಳು, ಬೇಸರ ಮಾಡಿಕೊಳ್ಳಲಿಲ್ಲ. "ಮೇಡಂ, ಸಿಸ್ಟಮ್‌ನಲ್ಲಿ ಅಂಥ ಟಿಕೆಟ್ಟೇ ಇಲ್ಲ" ಅಂದಳು. ಅಷ್ಟರಲ್ಲಿ ಅಮ್ಮ, "ನಾನು ಹೊರಗೆ ಆ ಮರದ ಕೆಳಗೆ ಕೂತಿರ್ತೀನಿ, ನೀವು ಹೋಗಿ ಬನ್ನಿ" ಅಂತ ಹೊರಟೇಬಿಟ್ಟಿದ್ದಳು. "ಅಜ್ಜಿ ಬರಲ್ಲ ಅಂದ್ರೆ ನಾನೂ ಬರಲ್ಲ" ಅಂತ ಮಗ ಅಲ್ಲೇ ನಿಂತ. ದುಡ್ಡು ಕೊಟ್ಟೆವು. ಎಲ್ಲರ ಕೈಗೂ ಕಾಗದದ ಪಟ್ಟಿ ಕಟ್ಟಿ ಒಳಗೆ ಬಿಟ್ಟರು.

ಒಳಗೆ ಪ್ರತಿ ಆಟದ ಮುಂದೆಯೂ ಒಂದು ಬೋರ್ಡು. ಹೃದಯದ ತೊಂದರೆ, ಬಿಪಿ, ಬೆನ್ನುನೋವು ಇರುವವರು, ಗರ್ಭಿಣಿಯರು ಹತ್ತಬಾರದು. ಇದರ ಬಗ್ಗೆ ನನಗೆ ಒಂದಿಷ್ಟೂ ತಕರಾರಿಲ್ಲ. ನಿಧಾನವಾಗಿ ತಿರುಗುವ ಒಂದು ಆಟಕ್ಕೆ ಅಮ್ಮ ಆಸೆಪಟ್ಟು ಹತ್ತಿರ ಹೋದಳು. ಸ್ಟೆಂಟ್ ವಿಷಯ ತಾನೇ ಹೇಳಿದಳು. ಅಲ್ಲಿದ್ದ ಹುಡುಗ "ಬೇಡಮ್ಮಾ, ರಿಸ್ಕು" ಅಂದ. ಅವನು ಮಾಡಿದ್ದು ಸರಿ. ನೀರಿಗೆ ಇಳಿಯೋಣ ಅಂದರೆ ನೈಲಾನ್ ಬಟ್ಟೆಯೇ ಬೇಕು, ಸೀರೆ ಉಟ್ಟವರು ಕಾಲು ಕೂಡ ಅದ್ದುವಂತಿಲ್ಲ.

ಆಮೇಲೆ ಸಂಜೆವರೆಗೂ ಅಮ್ಮ ಒಂದು ಕಲ್ಲುಬೆಂಚಿನ ಮೇಲೆ ಕೂತಳು. ಮಡಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನಮ್ಮಿಬ್ಬರ ಮೊಬೈಲು, ಯಜಮಾನರ ಕನ್ನಡಕ, ನನ್ನ ಬಳೆ. ಕಾಲ ಬಳಿ ನಾಲ್ಕು ಜೊತೆ ಚಪ್ಪಲಿ. ಮಗಳ ತಲೆ ಒರೆಸಿದಳು, ಒದ್ದೆ ಬಟ್ಟೆ ಹಿಂಡಿ ಬೆಂಚಿನ ಮೇಲೆ ಹರವಿದಳು. ನಾವು ನಿಶ್ಚಿಂತೆಯಾಗಿ ಆಡಿದ್ದು ಅವಳು ಅಲ್ಲಿ ಇದ್ದಳು ಅಂತಲೇ. ಅದೇ ಬೆಂಚಿನಲ್ಲಿ ಏಳು ತಿಂಗಳ ಬಸುರಿ ಒಬ್ಬಳಿದ್ದಳು. ಮಂಡಿ ಆಪರೇಷನ್ ಆಗಿ ಕೋಲು ಹಿಡಿದ ತಾತ ಒಬ್ಬರಿದ್ದರು. ಇಬ್ಬರ ಕೈಯಲ್ಲೂ ಅದೇ ಪಟ್ಟಿ.

ಅಮ್ಮ ಒಳಗೆ ಬಂದದ್ದಕ್ಕೆ ಬಿಟ್ಟಿ ಬಿಡಿ ಅಂತ ನಾನು ಕೇಳುತ್ತಿಲ್ಲ. ನೆರಳು, ಕುಡಿಯುವ ನೀರು, ಟಾಯ್ಲೆಟ್ಟು, ತೋಟ, ಇವನ್ನೆಲ್ಲ ಅವಳೂ ಬಳಸಿದಳು. ಅದಕ್ಕೆ ಏನು ಬೆಲೆಯೋ ಅದನ್ನು ತೆಗೆದುಕೊಳ್ಳಲಿ. ಹತ್ತಬೇಡಿ ಅಂತ ಅವರೇ ತಡೆಯುವ ಆಟಗಳಿಗೆ ದುಡ್ಡು ಯಾಕೆ?

ಕಮ್ಮಿ ದುಡ್ಡು ಕೊಟ್ಟು ಒಳಗೆ ಬಂದು ಆಟ ಆಡಿಬಿಡ್ತಾರೆ ಅನ್ನಬಹುದು. ಆದರೆ ಕ್ಯೂ ತಪ್ಪಿಸಿ ಬೇಗ ಹೋಗಲು ಜಾಸ್ತಿ ದುಡ್ಡು ಕೊಟ್ಟವರಿಗೆ ಅಲ್ಲಿ ಬೇರೆ ಬಣ್ಣದ ಪಟ್ಟಿ ಇತ್ತು. ಪ್ರತಿ ಆಟದ ಬಾಗಿಲಲ್ಲೂ ಹುಡುಗರು ಕೈ ನೋಡಿಯೇ ಬಿಡುತ್ತಿದ್ದರು. ಜಾಸ್ತಿ ಕೊಟ್ಟವರಿಗೆ ಒಂದು ಬಣ್ಣ ಇರುವಾಗ, ಆಡದವರಿಗೂ ಒಂದು ಬಣ್ಣ ಇರಬಹುದಲ್ವಾ?

ವಾಪಸ್ ಬರುವಾಗ ಅಮ್ಮ ಕಾರಿನಲ್ಲಿ ದಸರಾ ಎಕ್ಸಿಬಿಷನ್ ನೆನಪು ಮಾಡಿಕೊಂಡಳು. "ಅಲ್ಲಿ ನೋಡು, ಬಾಗಿಲಲ್ಲಿ ಒಂದಿಷ್ಟು ಕೊಟ್ಟು ಒಳಗೆ ಹೋದ್ರಾಯ್ತು. ಜೈಂಟ್ ವೀಲ್ ಹತ್ತೋರು ಅದಕ್ಕೆ ಬೇರೆ ಟಿಕೆಟ್ ತಗೋತಾರೆ. ನಾನು ಹಪ್ಪಳ ತಿಂದ್ಕೊಂಡು ನಿಮ್ಮನ್ನ ನೋಡ್ತಾ ನಿಂತಿರ್ತಿದ್ದೆ." ಹೌದಲ್ಲ, ನಮ್ಮೂರಲ್ಲೇ ಇದೆ! ರಾತ್ರಿ ನಿದ್ದೆ ಬರದೆ ಹುಡುಕಿ ಓದಿದೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್‌ನ ಟಿವೊಲಿ ಪಾರ್ಕ್ 1843ರಲ್ಲಿ ಶುರುವಾದದ್ದು. ಅಲ್ಲಿ ಇವತ್ತಿಗೂ ಬರೀ ಒಳಗೆ ಹೋಗುವ ಟಿಕೆಟ್ ಬೇರೆ, ಆಟದ್ದು ಬೇರೆ. ಅಮೆರಿಕದ ಡಿಸ್ನಿಲ್ಯಾಂಡ್ ಕೂಡ 1955ರಲ್ಲಿ ಶುರುವಾದ ಮೇಲೆ ಎಷ್ಟೋ ವರ್ಷ ಆಟಕ್ಕೆ ಬೇರೆ ಕೂಪನ್ ಮಾರುತ್ತಿತ್ತು. 1982ರಲ್ಲಿ ಅದನ್ನು ನಿಲ್ಲಿಸಿ ಎಲ್ಲಕ್ಕೂ ಒಂದೇ ಟಿಕೆಟ್ ಮಾಡಿದರು. ಒಂದೇ ಟಿಕೆಟ್ ಇದ್ದರೆ ಎಲ್ಲ ಆಟ ಆಡುವವರಿಗೆ ಲಾಭ, ಕ್ಯೂನಲ್ಲಿ ಪ್ರತಿಸಲ ಪರ್ಸ್ ತೆಗೆಯುವ ತಾಪತ್ರಯ ಇಲ್ಲ. ಅದು ಇರಲಿ. ಅದರ ಪಕ್ಕದಲ್ಲಿ ಸುಮ್ನೆ ಕೂರುವವರಿಗೂ ಒಂದು ಟಿಕೆಟ್ ಇರಲಿ.

ಮನೆಗೆ ಬಂದು ಕೈಪಟ್ಟಿ ಕತ್ತರಿಸುವಾಗ ನಮ್ಮ ನಾಲ್ವರದೂ ನೀರಲ್ಲಿ ನೆನೆದು ಮುದುಡಿಹೋಗಿತ್ತು. ಅಮ್ಮನದು ಬೆಳಿಗ್ಗೆ ಕಟ್ಟಿದ ಹಾಗೇ ಇತ್ತು.

ಮಾರನೇ ದಿನ ಪಾರ್ಕ್‌ನವರಿಗೆ ಇದನ್ನೆಲ್ಲ ಬರೆದು ಇಮೇಲ್ ಕಳಿಸಿದೆ. ಸಂಬಂಧಪಟ್ಟವರ ಗಮನಕ್ಕೆ ತರುತ್ತೇವೆ ಅಂತ ಎರಡು ಸಾಲಿನ ಉತ್ತರ ಬಂತು. ದಸರಾ ರಜೆಗೆ ಮಕ್ಕಳು ಮತ್ತೆ ಹೋಗೋಣ ಅನ್ನುತ್ತಿದ್ದಾರೆ. ಅಮ್ಮ ಈಗಲೇ "ನಾನು ಮನೇಲಿರ್ತೀನಿ" ಅಂದಿದ್ದಾಳೆ. ಹೊರಡುವ ಮುಂಚೆ ಪಾರ್ಕ್‌ಗೆ ಫೋನ್ ಮಾಡಿ ಇನ್ನೊಮ್ಮೆ ಕೇಳುತ್ತೇನೆ.