ಕೊಪ್ಪಳ ಕೋಟೆ ಹತ್ತುವ ಮುಂಚೆ

ಗವಿಮಠ ನೋಡಿ ಹಾಗೇ ಹಂಪಿಗೆ ಹೋಗಿಬಿಡುವವರೇ ಹೆಚ್ಚು. ಹಾಗಾಗಿ ಕೋಟೆಗೆ ಎಂದರೆ ಆಟೋದವರಿಗೇ ಅಚ್ಚರಿ. ‘ಅಲ್ಲೇನ್ ಐತ್ರಿ ನೋಡಾಕ?’ ಅಂದವನು ಅದೇ ಉಸಿರಿನಲ್ಲಿ ಇನ್ನೂರೈವತ್ತು ಕೇಳಿದ. ಕೊಡಬೇಡಿ, ಕೋಟೆ ಊರಿಗೆ ಅಂಟಿಕೊಂಡೇ ಇದೆ. ಜಾತ್ರೆಯ ದಿನಗಳಲ್ಲಂತೂ ಬರಲೇಬೇಡಿ, ಜನಜಂಗುಳಿ ನನಗಾಗದು.

ಹೆಬ್ಬಂಡೆಗಳ ಸಂದಿಯ ಕಡಿದಾದ ಏರು. ನೆರಳಿಲ್ಲ. ಬಿಸಿಲೇರುವ ಮುಂಚೆಯೇ ಹತ್ತಿ, ನೀರು ಕೆಳಗಿನಿಂದಲೇ ಒಯ್ಯಿರಿ.

ಕತೆ ಗೊತ್ತಿಲ್ಲದೆ ಹತ್ತಿದರೆ ಬರೀ ಕಲ್ಲು ಕಾಣುತ್ತದೆ. 1819ರಲ್ಲಿ ಜಮೀನ್ದಾರ ವೀರಪ್ಪ ಹೈದರಾಬಾದಿನ ನಿಜಾಮನ ವಿರುದ್ಧ ಬಂಡೆದ್ದು ಹಿಡಿದದ್ದು ಈ ಕೋಟೆಯನ್ನೇ. 1857ರಲ್ಲಿ ಕಂಪನಿ ಸರ್ಕಾರ ಎಲ್ಲರ ಆಯುಧ ಕಸಿಯಲು ಕಾಯಿದೆ ತಂದಿತು. ಅದಕ್ಕೆ ಸಿಡಿದೆದ್ದ ಮುಂಡರಗಿ ಭೀಮರಾಯ ಮರುವರ್ಷ ಡಂಬಳದ ಖಜಾನೆ ದೋಚಿ, ಹಮ್ಮಿಗಿ ಕೆಂಚನಗೌಡನೊಂದಿಗೆ ಇಲ್ಲಿಗೆ ಬಂದು ಕೋಟೆ ಹಿಡಿದ. ಬೆನ್ನಟ್ಟಿ ಬಂದ ಕಂಪನಿ ಸೈನ್ಯದೊಡನೆ ಕಾದಾಡುತ್ತ 1858ರ ಜೂನ್‌ನಲ್ಲಿ ಇಬ್ಬರೂ ಇಲ್ಲೇ ಮಡಿದರು. ಅದೇ ಹೊತ್ತಿಗೆ ಬಂಡೆದ್ದ ನರಗುಂದದ ಬಾಬಾಸಾಹೇಬನನ್ನು ಅದೇ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಆಗ ಮುಂಡರಗಿ ಬ್ರಿಟಿಷರದು, ಕೊಪ್ಪಳ ನಿಜಾಮನದು. ಭೀಮರಾಯ ಆ ಕಡೆಯಿಂದ ಈ ಕಡೆಗೆ ಬಂದ. ತೊಂಬತ್ತು ವರ್ಷದ ಮೇಲೆ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಕಾಟ ತಡೆಯದೆ ಈ ಸೀಮೆಯ ರೈತರು ಅದೇ ಗಡಿ ದಾಟಿ ಆ ಕಡೆ ಓಡಿದರು. ನಿಜಾಮನ ವಿರುದ್ಧ ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಹೋರಾಟದ ಶಿಬಿರ ಇದ್ದದ್ದು ಮುಂಡರಗಿಯಲ್ಲೇ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಅದಕ್ಕೇ ಹೇಳುವುದು, ಕೋಟೆ ಇಳಿದವರು ಅಳವಂಡಿ ಮೇಲೆ ಮುಂಡರಗಿಗೂ ಹೋಗಿಬನ್ನಿ.

ಆದರೆ ಆ ಬಸ್ಸು! ಸೀಟಿನ ಸ್ಪಂಜು ಕಿತ್ತು ತಗಡು ಮೇಲೆದ್ದಿತ್ತು, ಕಿಟಕಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಮೊಣಕಾಲ ಮೇಲೆ ಯಾರದೋ ಈರುಳ್ಳಿ ಚೀಲ. ಕಂಡಕ್ಟರು ‘ಮುಂದ ಸರೀರಿ’ ಅನ್ನುತ್ತಲೇ ಇದ್ದ, ಮುಂದೆ ಜಾಗವೆಲ್ಲಿ? ಬೆನ್ನುನೋವಿದ್ದವರು ಬೈಕೋ ಕಾರೋ ಹುಡುಕಿಕೊಳ್ಳಿ.

ಹೊರಡುವ ಮುಂಚೆ ಮಾತ್ರ ಬಸ್‌ಸ್ಟ್ಯಾಂಡ್ ಹತ್ತಿರದ ತಳ್ಳುಗಾಡಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನಿ. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಹುಳಿ ಬಿದ್ದ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಪಕ್ಕಕ್ಕೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಒಳಗಿನ ಮೆಣಸಿನಕಾಯಿಗೆ ಓಂಕಾಳು, ಉಪ್ಪು ತುಂಬಿರುತ್ತಾರೆ, ಖಾರ ನಾಲಿಗೆಗಲ್ಲ, ನೇರ ಕಿವಿಗೇ ಹತ್ತುತ್ತದೆ. ಮೂವತ್ತು ರೂಪಾಯಿಗೆ ಹೊಟ್ಟೆ ತುಂಬಿತು. ಬೆಳಿಗ್ಗೆಯೇ ಹೋಗಿ, ಹತ್ತು ಗಂಟೆಗೆಲ್ಲ ಬಾಣಲೆ ಇಳಿಸಿಬಿಡುತ್ತಾರೆ.