ವಾಲ್ವ್ ಆಂಪ್ಲಿಫೈಯರ್: ಮೊದಲು ಬದಲಿಸಬೇಕಾದದ್ದು ವಾಲ್ವ್ ಅಲ್ಲ

ವಾಲ್ವ್ (ನಿರ್ವಾತ ಕೊಳವೆ) ಬಳಸುವ ಹಳೆಯ ಆಂಪ್ಲಿಫೈಯರ್‌ನ ಧ್ವನಿಯನ್ನು ಉತ್ತಮಪಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ದುಬಾರಿ ವಾಲ್ವ್‌ಗಳನ್ನು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದ್ದರೆ ಎಷ್ಟೇ ಒಳ್ಳೆಯ ವಾಲ್ವ್ ಹಾಕಿದರೂ ಅದು ಬೇಗನೆ ಕೆಡುತ್ತದೆ.

ಹಿಂದಿನ ಹಂತದ ವಾಲ್ವ್‌ನ ಆನೋಡ್‌ನಲ್ಲಿರುವ (ಎಲೆಕ್ಟ್ರಾನ್‌ಗಳನ್ನು ಸೆಳೆಯುವ ತಗಡಿನಲ್ಲಿರುವ) ಡಿ.ಸಿ. ವೋಲ್ಟೇಜನ್ನು ತಡೆದು, ಸಂಗೀತದ ಸಿಗ್ನಲನ್ನು ಮಾತ್ರ ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಕರೆಂಟನ್ನು ನಿಯಂತ್ರಿಸುವ ಜಾಲರಿಗೆ) ದಾಟಿಸುವುದು ಈ ಕೆಪಾಸಿಟರ್‌ನ ಕೆಲಸ. ಹಳೆಯ ಕಾಗದದ ಕೆಪಾಸಿಟರ್‌ಗಳು ತೇವ ಹೀರಿಕೊಂಡು ಕ್ರಮೇಣ ಡಿ.ಸಿ.ಯನ್ನೂ ಬಿಡತೊಡಗುತ್ತವೆ. ಸೋರಿಕೆ ಕೇವಲ 5 ಮೈಕ್ರೋಆಂಪಿಯರ್ ಇದ್ದರೂ 470 ಕಿಲೋಓಮ್‌ನ ಗ್ರಿಡ್ ರೆಸಿಸ್ಟರ್‌ನಲ್ಲಿ ಸುಮಾರು 2.3 ವೋಲ್ಟ್ ಹುಟ್ಟುತ್ತದೆ. ಏಳೆಂಟು ವೋಲ್ಟ್ ಬಯಾಸ್‌ನಲ್ಲಿ (ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್‌ಗಿಂತ ಗ್ರಿಡ್ ಅಷ್ಟು ನೆಗೆಟಿವ್ ಆಗಿರುವಂತೆ) ನಡೆಯುವ ಇಎಲ್84 ಎಂಬ ಔಟ್‌ಪುಟ್ ವಾಲ್ವ್‌ಗೆ ಇದು ಸಣ್ಣ ವ್ಯತ್ಯಾಸವಲ್ಲ: ಕ್ಯಾಥೋಡ್ ರೆಸಿಸ್ಟರ್ ಅದನ್ನು ಸ್ವಲ್ಪಮಟ್ಟಿಗೆ ಸರಿದೂಗಿಸಿದರೂ ಕರೆಂಟ್ ಏರುತ್ತದೆ, ಆನೋಡ್ ತಾಳಬಲ್ಲ 12 ವ್ಯಾಟ್‌ನ ಮಿತಿ ಮೀರುತ್ತದೆ, ಸೋರಿಕೆ ಹೆಚ್ಚಿದಂತೆ ಆನೋಡ್‌ನ ತಗಡು ಕೆಂಪಗೆ ಕಾಯುತ್ತದೆ.

ಕ್ಯಾಥೋಡ್ ಬಯಾಸ್‌ನ (ಕ್ಯಾಥೋಡ್ ರೆಸಿಸ್ಟರ್‌ನಿಂದಲೇ ಬಯಾಸ್ ಪಡೆಯುವ) ಆಂಪ್ಲಿಫೈಯರ್‌ನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಸಿಗ್ನಲ್ ಕೊಡದೆ ಗ್ರಿಡ್ ಮತ್ತು ಚಾಸಿ (ಲೋಹದ ಚೌಕಟ್ಟು) ನಡುವಿನ ಡಿ.ಸಿ.ಯನ್ನು ಅಳೆದರೆ ಅದು ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು. ಪಾಸಿಟಿವ್ ವೋಲ್ಟೇಜ್ ಕಂಡರೆ ಸೆಟ್ ಆಫ್ ಮಾಡಿ, ಔಟ್‌ಪುಟ್ ವಾಲ್ವ್ ತೆಗೆದು, ಮತ್ತೆ ಆನ್ ಮಾಡಿ ಅಳೆಯಬೇಕು. ಆಗಲೂ ಉಳಿದರೆ ದೋಷ ಕೆಪಾಸಿಟರ್‌ನದು, ಮಾಯವಾದರೆ ಬಹುಮಟ್ಟಿಗೆ ವಾಲ್ವ್‌ನದು. ಬದಲಿಗೆ 630 ವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಬಹುದು. ಬಾಸ್ ಹೆಚ್ಚಲಿ ಎಂದು 0.1 ಮೈಕ್ರೋಫ್ಯಾರಡ್ ಇದ್ದಲ್ಲಿ ಹಲವು ಪಟ್ಟು ದೊಡ್ಡದನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಓವರ್‌ಲೋಡ್ ಆದಾಗ ಗ್ರಿಡ್ ಚೇತರಿಸಿಕೊಳ್ಳಲು ತಡವಾಗುತ್ತದೆ, ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ಕೊಡುವ ವ್ಯವಸ್ಥೆ) ಇರುವ ಸರ್ಕ್ಯೂಟ್‌ನಲ್ಲಿ ಸ್ಥಿರತೆಯೂ ಕೆಡಬಹುದು.

ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್‌ಗಳಿಗೂ ಇದೇ ಸಂಯಮ ಬೇಕು. ಎ.ಸಿ.ಯನ್ನು ಡಿ.ಸಿ. ಮಾಡುವ ಜಿಝಡ್34 ರೆಕ್ಟಿಫೈಯರ್ ವಾಲ್ವ್‌ನ ನಂತರದ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು. ಹಮ್ (ಗುಂಯ್‌ಗುಡುವ ಸದ್ದು) ಇನ್ನೂ ಕಡಿಮೆಯಾಗಬೇಕೆಂದರೆ ಹೆಚ್ಚುವರಿ ಸಾಮರ್ಥ್ಯವನ್ನು ಚೋಕ್ (ಫಿಲ್ಟರ್‌ನ ಕಾಯಿಲ್) ಅಥವಾ ರೆಸಿಸ್ಟರ್ ದಾಟಿದ ಮೇಲೆ ಸೇರಿಸುವುದು ಕ್ಷೇಮ. ಸ್ವಿಚ್ ಆಫ್ ಮಾಡಿದ ಮೇಲೂ ಇವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದಾದ್ದರಿಂದ, ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಿ, ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳದೆ ಒಳಗೆ ಕೈಯಿಡಲೇಬಾರದು.

ಇಷ್ಟಾದ ಮೇಲೆ ಕ್ಯಾಥೋಡ್ ವೋಲ್ಟೇಜನ್ನು ಅಳೆದು, ಅದನ್ನು ರೆಸಿಸ್ಟರ್‌ನ ಬೆಲೆಯಿಂದ ಭಾಗಿಸಿ ವಾಲ್ವ್‌ನ ಕರೆಂಟ್ ತಿಳಿಯಬೇಕು. ಆ ರೆಸಿಸ್ಟರ್‌ನ ಬೆಲೆಯೂ ವರ್ಷಗಳ ಬಿಸಿಯಲ್ಲಿ ಬದಲಾಗಿರಬಹುದು. ಅದನ್ನೂ ಅಳೆದುಕೊಂಡೇ ಲೆಕ್ಕ ಹಾಕಬೇಕು. ಕರೆಂಟ್ ಮಿತಿಯೊಳಗಿದೆ ಎಂದು ಖಾತ್ರಿಯಾದ ನಂತರ ಹೊಸ ವಾಲ್ವ್‌ಗಳನ್ನು ಧೈರ್ಯವಾಗಿ ಹಾಕಿ ಕೇಳಬಹುದು.