ಟ್ರೇಲರ್ ಬಿಚ್ಚಿದ ಮೇಲೆ ಹೊಣೆ ಯಾರದು?

ಚಿತ್ರದುರ್ಗದಲ್ಲಿ ಅಪ್ಪನ ಲಾರಿಗೆ ಇದ್ದದ್ದು ಒಂದೇ ಇನ್ಶೂರೆನ್ಸ್. ಲೋಡ್ ಇರಲಿ, ಖಾಲಿ ಬರಲಿ, ಎದುರಿನವರಿಗೆ ಏಟಾದರೆ ಅದೇ ಪಾಲಿಸಿ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಟ್ರಕ್ ತಗೊಂಡು ಒಂದು ಕಂಪನಿಗೆ ಲೀಸ್ ಮೇಲೆ ಬಿಟ್ಟಾಗ ಇಲ್ಲೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿ ಲೋಡ್ ಮೇಲಿರುವಾಗ ಕಂಪನಿಯ ವಿಮೆ. ರಾಜ್ಯ ದಾಟುವ ಸಾಮಾನ್ಯ ಸರಕಿಗೆ ಕನಿಷ್ಠ 7.5 ಲಕ್ಷ ಡಾಲರಿನದು. ಕೆಲಸ ಮುಗಿಸಿ ನನ್ನ ಪಾಡಿಗೆ ಓಡಿಸುವಾಗ ನಾನು ಕೊಂಡ ‘ನಾನ್-ಟ್ರಕಿಂಗ್ ಲಯಬಿಲಿಟಿ’ ವಿಮೆ.

ಫೆಬ್ರವರಿಯ ಒಂದು ಶುಕ್ರವಾರ ಸಂಜೆ ರೀನೋದಿಂದ ಬಂದು, ಲೇತ್ರಪ್ ಯಾರ್ಡಿನಲ್ಲಿ ಟ್ರೇಲರ್ ಬಿಚ್ಚಿಟ್ಟು, ಬರಿ ಟ್ರ್ಯಾಕ್ಟರಿನಲ್ಲಿ, ಅಂದರೆ ಎಂಜಿನ್ ಇರುವ ಮುಂಭಾಗದಲ್ಲಿ, ಮ್ಯಾಂಟೀಕಾದ ಮನೆಗೆ ಹೊರಟೆ. ಹೀಗೆ ಓಡಿಸುವುದಕ್ಕೆ ಬಾಬ್‌ಟೇಲ್ ಅನ್ನುತ್ತಾರೆ. ಮಳೆ ಸುರಿಯುತ್ತಿತ್ತು. ಹಿಂದಿನ ಚಕ್ರಗಳ ಮೇಲೆ ಭಾರವಿಲ್ಲದಿದ್ದರೆ ಹಿಡಿತ ಸಿಗುವುದಿಲ್ಲ. ತುಂಬಿದ ಗಾಡಿಗಿಂತ ಬಾಬ್‌ಟೇಲ್ ನಿಲ್ಲಲು ಹೆಚ್ಚು ದೂರ ಬೇಕೆಂದು ಲೈಸೆನ್ಸ್ ಪರೀಕ್ಷೆಯ ಪುಸ್ತಕದಲ್ಲೇ ಇದೆ. ಸಿಗ್ನಲ್‌ನಲ್ಲಿ ಜಾರಿ ಮುಂದಿನ ಪಿಕಪ್‌ಗೆ ಗುದ್ದಿದೆ. ಅದರಲ್ಲಿದ್ದ ಹೆಂಗಸು ಕತ್ತು ಹಿಡಿದುಕೊಂಡು ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಂಪನಿಯ ವಿಮೆಯವರು ‘ಟ್ರೇಲರ್ ಬಿಟ್ಟಾಗಿತ್ತು, ನಮಗೆ ಸಂಬಂಧವಿಲ್ಲ’ ಅಂದರು. ನನ್ನ ವಿಮೆಯವರು ಫೋನಿನ ಮೆಸೇಜ್ ಕೇಳಿದರು. ಮರುದಿನ ಬೆಳಗ್ಗೆ ಟ್ರೇಸಿಯಲ್ಲಿ ಎತ್ತಬೇಕಿದ್ದ ಲೋಡಿಗೆ ಯಾರ್ಡ್ ಬಿಡುವ ಮೊದಲೇ ‘ಓಕೆ’ ಅಂದಿದ್ದೆ. ‘ಹಾಗಾದರೆ ನೀವು ಕಂಪನಿಯ ಕೆಲಸದ ಮೇಲಿದ್ದಿರಿ’ ಅಂದರು. ಲಾಗ್‌ನಲ್ಲಿ ‘ಪರ್ಸನಲ್ ಕನ್ವೇಯನ್ಸ್’ (ಸ್ವಂತ ಓಡಾಟ) ಒತ್ತಿದ್ದೆನಲ್ಲ ಅಂತ ವಾದಿಸಿದೆ. ಅದು ಡ್ಯೂಟಿ ಗಂಟೆಗಳ ಲೆಕ್ಕಕ್ಕೆ, ವಿಮೆಗಲ್ಲ. ಕೊನೆಗೆ ವಕೀಲರ ಮಧ್ಯಸ್ಥಿಕೆಯಲ್ಲಿ ಕಂಪನಿಯ ವಿಮೆ ಕೊಟ್ಟಿತು, ಏಳು ತಿಂಗಳಾದ ಮೇಲೆ. ಅಷ್ಟು ದಿನ ಆಕೆಯ ಆಸ್ಪತ್ರೆ ಬಿಲ್ ಹಾಗೇ ಕೂತಿತ್ತು. ನನಗೆ ಕೋಪ ಬರುವುದು ಅದಕ್ಕೇ.

ಲೀಸ್‌ಗೆ ಸಹಿ ಹಾಕುವ ಕನ್ನಡದ ಹುಡುಗರಿಗೆ ಹೇಳುತ್ತಿದ್ದೇನೆ: ಬಾಬ್‌ಟೇಲ್ ವಿಮೆ ಯಾರ ಹೊಣೆ ಅಂತ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು, ಅದು ಫೆಡರಲ್ ನಿಯಮ. ಆ ಸಾಲನ್ನು ಹುಡುಕಿ ಓದಿ. ನಾನ್-ಟ್ರಕಿಂಗ್ ಪಾಲಿಸಿ ನೀವು ಯಾರ ಕೆಲಸಕ್ಕೆ ಹೊರಟಿದ್ದಿರಿ ಅಂತ ನೋಡುತ್ತದೆ; ಬಾಬ್‌ಟೇಲ್ ಪಾಲಿಸಿ ಸಾಮಾನ್ಯವಾಗಿ ಟ್ರೇಲರ್ ಇತ್ತೋ ಇಲ್ಲವೋ ಅಂತ. ಖಾಲಿ ಟ್ರೇಲರ್ ಎಳೆದುಕೊಂಡು ಹೋದರೂ ಅದು ಬಾಬ್‌ಟೇಲ್ ಅಲ್ಲ. ಎಷ್ಟೋ ಏಜೆಂಟರು ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ, ಆದ್ದರಿಂದ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅಂತ ಬರೆದಿರುವ ಪುಟವನ್ನು ಓದದೆ ಬಿಡಬೇಡಿ. ನಿಮ್ಮ ಟ್ರಕ್ಕಿನ ರಿಪೇರಿಗೆ ‘ಫಿಸಿಕಲ್ ಡ್ಯಾಮೇಜ್’ ಬೇರೆಯೇ ಬೇಕು.

ಈಗ ನನ್ನ ಹತ್ತಿರ ಬಾಬ್‌ಟೇಲ್ ಪಾಲಿಸಿಯೂ ಇದೆ. ಆದರೂ ಟ್ರೇಲರ್ ಬಿಚ್ಚಿದ ಕೂಡಲೇ ಲೋಡ್ ಹಂಚುವ ಡಿಸ್ಪ್ಯಾಚರ್‌ಗೆ ‘ಇವತ್ತಿನ ಕೆಲಸ ಮುಗಿಯಿತೇ?’ ಅಂತ ಮೆಸೇಜ್ ಹಾಕಿ, ಉತ್ತರ ಬಂದ ಮೇಲೆ ಗಾಡಿ ಹೊರಡಿಸುತ್ತೇನೆ. ನಾಳೆಯ ಲೋಡಿಗೆ ಒಪ್ಪಿಗೆ ಕೊಡುವುದು ಮನೆ ಸೇರಿ ಊಟವಾದ ಮೇಲೆ.